ಚಾಚಾ ಅವರ ಬಲಗಿವಿ

ಜನವರಿ 11, 2026, ಭಾನುವಾರ
ಕಲಬುರಗಿ

ಕಾಕಾ ಕೊನೆಗೂ ಹೊಸ ಪಿಕಪ್ ನೋಡಲು ಒಪ್ಪಿದರು. ಹಳೆಯದು 2011ರ ಮಾಡೆಲ್. ವರ್ಷ ವರ್ಷ ಅದಕ್ಕೆ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಮಾಡಿಸುವುದರಲ್ಲಿ ನನಗೆ ಸಾಕುಸಾಕಾಗಿದೆ. ತೊಗರಿ ರಾಶಿ ಶುರುವಾಗಿರುವುದರಿಂದ ಧಾನ್ಯದ ಮಾರುಕಟ್ಟೆಯಾದ ಗಂಜಿನಿಂದ ಕಪನೂರಿನ ಮಿಲ್ಲಿಗೆ ದಿನವಿಡೀ ಓಡಾಟ. ಇವತ್ತು ಗಂಜಿಗೆ ರಜೆ. ಕಾಕಾ, ಡ್ರೈವರ್ ಚಾಚಾ, ನಾನು ಮೂವರೂ ಷೋರೂಮಿಗೆ ಹೋದೆವು. ಲೆಕ್ಕ ಬರೆಯುವವಳು ಎಂಬ ಕಾರಣಕ್ಕೆ ನನ್ನನ್ನು ಕರೆದದ್ದು. ಗಾಡಿಯ ವಿಷಯದಲ್ಲಿ ಬಾಯಿ ಹಾಕಬಾರದು ಎಂಬುದು ಯಾರೂ ಹೇಳದ ಷರತ್ತು.

ಹುಡುಗ ಖಾಲಿ ಗಾಡಿ ತಂದು ನಿಲ್ಲಿಸಿ, "ಕಾರಿನಲ್ಲಿ ಕುಳಿತ ಹಾಗೆಯೇ ಇರುತ್ತದೆ ಸರ್" ಎಂದ. ರಿಂಗ್ ರೋಡಿನ ಮೊದಲ ಹಂಪಿನಲ್ಲೇ ಹಿಂಭಾಗ ಎಗರಿ, ಕಾಕಾ ಅವರ ಟೋಪಿ ಛಾವಣಿಗೆ ತಾಗಿತು. "ಇದೇ ಸುಖವಾದರೆ ನಮ್ಮ ಹಳೆಯದು ಏನು ಪಾಪ ಮಾಡಿದೆ?" ಎಂದು ಅವರು ಆಗಲೇ ತೀರ್ಪು ಕೊಟ್ಟಾಗಿತ್ತು.

"ಖಾಲಿ ಗಾಡಿ ಓಡಿಸಿ ನ್ಯಾಯ ಹೇಳಬಾರದು ಸಾಹುಕಾರರೇ. ಮಾಲು ಹಾಕಿ ನೋಡೋಣ" ಎಂದರು ಚಾಚಾ.

ಹುಡುಗ ಯಾರಿಗೋ ಫೋನು ಮಾಡಿ ಒಪ್ಪಿಗೆ ಪಡೆದ. ಕಪನೂರಿನಲ್ಲಿ ಅರ್ಧ ಕ್ವಿಂಟಾಲಿನ ಹತ್ತು ಚೀಲ ಹೇರಿಸಿದೆವು. ಬಳಿಕ ಅದೇ ರಸ್ತೆ, ಅದೇ ಹಂಪು. ಗಾಡಿ ಎಗರಲಿಲ್ಲ, ನಿಧಾನವಾಗಿ ಒಮ್ಮೆ ತಗ್ಗಿ ಎದ್ದಿತು. ಹಿಂದಿನ ಪಾಟಾಗಳನ್ನು, ಅಂದರೆ ಕಬ್ಬಿಣದ ಪಟ್ಟಿ ಜೋಡಿಸಿದ ಸ್ಪ್ರಿಂಗುಗಳನ್ನು, ಟನ್ನುಗಟ್ಟಲೆ ಮಾಲು ಹೊರುವುದಕ್ಕೆಂದೇ ಬಿಗಿಯಾಗಿ ಮಾಡಿರುತ್ತಾರೆ. ಖಾಲಿ ಇದ್ದಾಗ ಅವು ಬಗ್ಗುವುದೇ ಇಲ್ಲ, ಟೈರಿನಲ್ಲೂ ಲೋಡಿನ ಲೆಕ್ಕದ ಗಾಳಿ. ಭಾರ ಕುಳಿತ ಮೇಲೆ ಅದೇ ಪಾಟಾ ಬಗ್ಗಿ ಕುಲುಕಾಟ ಮೆತ್ತಗಾಗುತ್ತದೆ. ಹೊಸದಾಗಲಿ ಹಳೆಯದಾಗಲಿ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮುಂದಿನ ಎರಡು ಗಾಲಿಗಳಿಗೆ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್ ಇರುವ ಇಸುಜು ವಿ-ಕ್ರಾಸ್‌ನಂಥ ದುಬಾರಿ ಪಿಕಪ್‌ಗೂ ಹಿಂದೆ ಇರುವುದು ಪಾಟಾವೇ. ಇನ್ನು ನಮ್ಮ ಎರೆ ಭೂಮಿ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರನ್ನೂ ತನ್ನ ಜೊತೆ ಕುಣಿಸುತ್ತದೆ. ಯಾವ ಕಂಪನಿಯ ಗಾಡಿ ತಂದರೂ ನಮ್ಮ ಸೊಂಟ ಈ ಮಣ್ಣಿನ ಕೈಯಲ್ಲೇ ಇದೆ.

ಸದ್ದಿನ ಮಾತು ಬೇರೆ. ನಮ್ಮ ಹಳೆಯ ಗಾಡಿ ಓಣಿಯ ತುದಿಗೆ ಬಂದರೆ ಅವ್ವ ಚಹಾಕ್ಕೆ ಇಡುತ್ತಾಳೆ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಮೊದಲು ಒಂದು ಹನಿ ಡೀಸೆಲ್ ಹೊತ್ತಿಸಿ ಆಮೇಲೆ ಉಳಿದದ್ದನ್ನು ಬಿಡುತ್ತಾರೆ. ಹಾಗಾಗಿ ಆ ಕಟಕಟ ಬಡಿತ ಇಲ್ಲ. ಬಾಗಿಲಿನ ರಬ್ಬರು ಗಟ್ಟಿಯಾಗಿ ಕೂರುತ್ತದೆ. ಕ್ಯಾಬಿನ್ನು ಚಾಸಿಯ ಮೇಲೆ ಕೂತಿರುವ ರಬ್ಬರ್ ಬುಶ್‌ಗಳೂ ಹೊಸವು. ನಮ್ಮದರಲ್ಲಿ ಅವು ಒಣಗಿ ಬಿರುಕುಬಿಟ್ಟು ಎಷ್ಟು ಕಾಲವಾಯಿತೋ. ಆದರೂ ಕಾಕಾ ತಪ್ಪು ಹುಡುಕಿಯೇ ಹುಡುಕಿದರು. "ಹೊಸದರಲ್ಲಿ ಟೈರಿನ ಗುಂಯ್ ಸದ್ದು ಜಾಸ್ತಿ ಇದೆಯಲ್ಲ?" ಜಾಸ್ತಿಯಲ್ಲ ಕಾಕಾ, ಇಷ್ಟು ದಿನ ಇಂಜಿನ್ನು ಅದನ್ನು ಕೇಳಗೊಡುತ್ತಿರಲಿಲ್ಲ. ಷರತ್ತು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮೊಬೈಲಿನಲ್ಲಿ ಸದ್ದು ಅಳೆಯುವ ಡೆಸಿಬೆಲ್ ಆ್ಯಪ್‌ ತೆರೆದು ಕದ್ದು ನೋಡುತ್ತಿದ್ದೆ. ಅದರ ಅಂಕಿಯನ್ನು ನಂಬಬೇಕಿಲ್ಲ, ಏರಿಳಿತವನ್ನು ನೋಡಿದರೆ ಸಾಕು. ಚಾಚಾ ಅಭ್ಯಾಸಬಲದಿಂದ ಕಿಟಕಿಯ ಗಾಜು ಇಳಿಸಿದರು. ಅಷ್ಟೇ, ಹೊಸ ಗಾಡಿ ಹಳೆಯದಾಯಿತು! ಗಾಳಿ, ಪಕ್ಕದ ಟ್ರ್ಯಾಕ್ಟರು, ಟಂಟಂ, ಹಾರ್ನು ಎಲ್ಲವೂ ಒಳಗೆ ಬಂದವು. ಜನವರಿಯಲ್ಲಿ ಗಾಜು ಏರಿಸಿಕೊಂಡು ಹೋಗಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಏಸಿ ಇಲ್ಲದ ಕ್ಯಾಬಿನ್ನಿನಲ್ಲಿ ಗಾಜು ಏರಿಸುವವರು ಯಾರು?

ಕಾಕಾ ಒಳಗೆ ಕಂತಿನ ಮಾತಿಗೆ ಕುಳಿತರು. ಹೊರಗೆ ಬೇವಿನ ನೆರಳಿನಲ್ಲಿ ಚಾಚಾ ಅವರನ್ನು, "ಹಳೆಯ ಗಾಡಿ ಬಿಡಲು ಮನಸ್ಸಿಗೆ ಬೇಜಾರಿಲ್ಲವೇ?" ಎಂದು ಕೇಳಿದೆ. ಇದೆ ಎನ್ನುತ್ತಾರೆ ಎಂದುಕೊಂಡಿದ್ದೆ.

"ಏನೂ ಬೇಜಾರಿಲ್ಲವ್ವಾ. ಇವತ್ತೇ ಮಾರಿಬಿಡಲಿ. ನಮಾಜಿಗೆ ನಿಂತರೂ ಕಿವಿಯೊಳಗೆ ಇಂಜಿನ್ ಓಡುತ್ತಿರುತ್ತದೆ."

ಮಾತಾಡುವಾಗ ಅವರು ತಲೆ ಓರೆ ಮಾಡಿ ಎಡಗಿವಿಯನ್ನು ನನ್ನ ಕಡೆ ತಂದಿದ್ದರು. ಯಾವಾಗಲೂ ಹಾಗೆಯೇ ಮಾಡುತ್ತಾರೆ. ಅದು ಅವರು ನಿಲ್ಲುವ ರೀತಿ ಎಂದೇ ಭಾವಿಸಿದ್ದೆ. ಬಲಗಿವಿ ಕಿಟಕಿಯ ಕಡೆಯದು.

"ಡಾಕ್ಟರಿಗೆ ತೋರಿಸಿದಿರಾ?"

"ತೋರಿಸಿದೆ. ಸದ್ದಿನಿಂದ ದೂರ ಇರಿ ಎಂದರು." ನಕ್ಕರು. "ಫೀಸು ಕೊಟ್ಟು ಕೇಳುವ ಮಾತೇ ಅದು?"

85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು, ಅಲ್ಲಿಂದ ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಸಮಯವನ್ನು ಅರ್ಧ ಮಾಡಬೇಕು ಎಂಬ ಲೆಕ್ಕ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ರಾಶಿಯ ಹೊತ್ತಿನಲ್ಲಿ ಅವರು ಸ್ಟೇರಿಂಗ್ ಬಿಟ್ಟು ಮನೆಗೆ ಹೋಗುತ್ತಾರೆಯೇ?

ಒಳಗೆ ಹೋದರೆ ಕಾಕಾ ಏಸಿ ಇಲ್ಲದ ಮಾದರಿಗೆ ಬೆರಳಿಟ್ಟಿದ್ದರು. "ಡ್ರೈವರಿಗೆ ಏಸಿ ಏಕವ್ವಾ? ನಿದ್ದೆ ಬರುತ್ತದೆ." ಅವರು ಕೆಟ್ಟವರಲ್ಲ, ಚಾಚಾ ಅವರ ಮಗಳ ಮದುವೆಗೆ ಕೇಳದೆಯೇ ಹಣ ಕೊಟ್ಟವರು. ಸುಖ ಎಂಬ ಕಾಲಂ ಮಾತ್ರ ಅವರ ಖಾತೆಯಲ್ಲಿಲ್ಲ. ಸರ್ಕಾರದ ಖಾತೆಯಲ್ಲೂ ಅರ್ಧವೇ ಇದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಮಾಡಿದರು. ಅದು ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ನಮ್ಮ ಪಿಕಪ್ ಆ ಗೆರೆಯ ಕೆಳಗೇ ಉಳಿಯಿತು.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಹೊಟ್ಟೆ ತುಂಬಿದರೂ ಸಿಟ್ಟು ಇಳಿಯಲಿಲ್ಲ. ಏಸಿ ಇರುವ ಮಾದರಿಗೂ ಕೊಟೇಶನ್ ಕಳುಹಿಸಿ ಎಂದು ಷೋರೂಮಿನ ಹುಡುಗನಿಗೆ ವಾಟ್ಸಾಪ್ ಮಾಡಿದ್ದೇನೆ. ವ್ಯತ್ಯಾಸವನ್ನು ಕಂತುಗಳಿಗೆ ಹಂಚಿ ತೋರಿಸಿದರೆ ಕಾಕಾ ಕರಗಬಹುದು. ನಿದ್ದೆಯ ಮಾತಿಗೂ ಉತ್ತರವಿದೆ, ಸೆಖೆಯಲ್ಲಿ ಬೇಯುವವನಿಗೂ ತೂಕಡಿಕೆ ಬರುತ್ತದೆ. ಆದರೆ ಇದನ್ನು ನಾಳೆಯೇ ಹೇಳುವುದೋ, ಇಲ್ಲ ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು, ಬೈಯಲು ಆಗದ ಆ ಗಳಿಗೆ ನೋಡಿಕೊಂಡು...