ಚೌರಿ ಚೌರಾದ ಎರಡು ಸ್ಮಾರಕಗಳು

ಉತ್ತರ ಪ್ರದೇಶದ ಗೋರಖಪುರದಲ್ಲಿ ನಾನು ಕಳೆದ ಮೂರು ದಿನಗಳಲ್ಲಿ ಎರಡರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಗೋರಖನಾಥ ಮಠವನ್ನೂ ಗೀತಾ ಪ್ರೆಸ್ಸನ್ನೂ ಎಲ್ಲರಂತೆ ನೋಡಿ ಬಂದೆ. ಮೂರನೆಯ ದಿನ ಬೆಳಿಗ್ಗೆ ಹೊರಟದ್ದು ಅಲ್ಲಿಂದ ಸುಮಾರು 25 ಕಿ.ಮೀ. ದೂರದ ಚೌರಿ ಚೌರಾಕ್ಕೆ. ಪ್ಲಾಟ್‌ಫಾರ್ಮಿನಲ್ಲಿದ್ದ ಒಬ್ಬರ ಮಾತು ನಂಬಿ ಹತ್ತಿದ ಎಕ್ಸ್‌ಪ್ರೆಸ್ ಗಾಡಿ ಅಲ್ಲಿ ನಿಲ್ಲದೆ ನನ್ನನ್ನು ದೇವರಿಯಾದವರೆಗೆ ಒಯ್ದು, ಅರ್ಧ ದಿನ ಹಾಳಾಯಿತು. ಹೋಗುವವರು ಗಾಡಿ ಅಲ್ಲಿ ನಿಲ್ಲುತ್ತದೆಯೇ ಎಂದು ನಿಲ್ದಾಣದ ವೇಳಾಪಟ್ಟಿಯಲ್ಲೇ ನೋಡಿಕೊಂಡು ಹತ್ತಬೇಕು.

ಚೌರಿ ಚೌರಾದಲ್ಲಿ ಎರಡು ಸ್ಮಾರಕಗಳಿವೆ. ಒಂದು, 1922ರಲ್ಲಿ ಗುಂಪೊಂದು ಇಲ್ಲಿನ ಠಾಣೆಗೆ ಬೆಂಕಿಯಿಟ್ಟಾಗ ಸತ್ತ ಪೊಲೀಸರದು, ಬ್ರಿಟಿಷರು ಕಟ್ಟಿಸಿದ್ದು. ಸ್ವಾತಂತ್ರ್ಯ ಬಂದ ಮೇಲೆ ಅದರ ಮೇಲೆ ‘ಜೈ ಹಿಂದ್’ ಎಂದು ಕೆತ್ತಿದರು. ಇನ್ನೊಂದು, ಆ ಪೊಲೀಸರನ್ನು ಕೊಂದ ಅಪರಾಧಕ್ಕಾಗಿ ಗಲ್ಲಿಗೇರಿದವರದು. ಅದರ ಅಡಿಗಲ್ಲು ಬಿದ್ದದ್ದು 1982ರಲ್ಲಿ. ಒಂದೇ ಊರು ಇಬ್ಬರಿಗೂ ತಲೆಬಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

1922ರ ಫೆಬ್ರುವರಿ 4ರಂದು ಅಸಹಕಾರ ಚಳವಳಿಯ ಸ್ವಯಂಸೇವಕರು ಗಾಂಧೀಜಿಗೆ ಜೈಕಾರ ಹಾಕುತ್ತಾ ಠಾಣೆಯ ಮುಂದೆ ಬಂದರು. ಕೆಲವೇ ದಿನಗಳ ಹಿಂದೆ ಮುಂಡೇರಾ ಬಜಾರಿನಲ್ಲಿ ತಮ್ಮವನಾದ ಭಗವಾನ್ ಅಹೀರ್ ಎಂಬ ಮಾಜಿ ಸೈನಿಕನಿಗೆ ಪೊಲೀಸರು ಹೊಡೆದಿದ್ದ ಸಿಟ್ಟು ಅವರಲ್ಲಿ ಇನ್ನೂ ಆರಿರಲಿಲ್ಲ. ಪೊಲೀಸರ ಗುಂಡಿಗೆ ಮೂವರು ಬಿದ್ದರು. ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿಯಿಟ್ಟಿತು. 22 ಪೊಲೀಸರು ಸತ್ತರು. ಗುಜರಾತಿನ ಬಾರ್ಡೋಲಿಯಲ್ಲಿ ಕಾನೂನು ಭಂಗ ಆರಂಭಿಸುವುದಾಗಿ ವೈಸರಾಯ್‌ಗೆ ಆಗಷ್ಟೇ ಪತ್ರ ಬರೆದಿದ್ದ ಗಾಂಧೀಜಿ, ಫೆಬ್ರುವರಿ 12ರ ಹೊತ್ತಿಗೆ ಚಳವಳಿಯನ್ನೇ ನಿಲ್ಲಿಸಿ ಐದು ದಿನಗಳ ಉಪವಾಸಕ್ಕೆ ಕುಳಿತರು. ಜೈಲಿನಲ್ಲಿದ್ದ ಮೋತಿಲಾಲ್ ನೆಹರೂ, ಲಾಲಾ ಲಜಪತ ರಾಯ್ ಅವರಂಥವರೂ ಇದನ್ನು ಒಪ್ಪಲಿಲ್ಲ. ಗೆಲುವಿನ ಹೊಸ್ತಿಲಲ್ಲಿ ಒಬ್ಬರ ಮನಸ್ಸಾಕ್ಷಿಗೆ ದೇಶವನ್ನು ಒತ್ತೆಯಿಟ್ಟರೆಂದು ನಾನೂ ಬಹಳ ವರ್ಷ ನಂಬಿದ್ದೆ. ಠಾಣೆಯ ಸ್ಮಾರಕದ ಮುಂದೆ ನಿಂತಾಗ ಆ ನಂಬಿಕೆ ಸಡಿಲವಾಯಿತು. ಸತ್ತವರಲ್ಲಿ ಹಳ್ಳಿಯ ಬಡ ಚೌಕಿದಾರರೂ ಇದ್ದರು. 1919ರಲ್ಲಿ ಅಹಮದಾಬಾದಿನಲ್ಲಿ, 1921ರಲ್ಲಿ ಮುಂಬಯಿಯಲ್ಲಿ ತಮ್ಮ ಹೆಸರಿನಲ್ಲೇ ನಡೆದ ಹಿಂಸೆಯನ್ನು ಕಂಡಿದ್ದ ಗಾಂಧೀಜಿಗೆ ಇದು ಮೂರನೆಯ ಎಚ್ಚರಿಕೆಯಾಗಿತ್ತು.

ಹುತಾತ್ಮರ ಸ್ಮಾರಕದ ಬಳಿ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಸಿಕ್ಕರು. ಊರವರೆಲ್ಲ ಮಾಸ್ಟರ್ ಸಾಹಬ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಚಳವಳಿ ನಿಲ್ಲಿಸಿದ್ದು ಸರಿಯೇ ಎಂದು ಕೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

“ನಿಲ್ಲಿಸಿದ್ದಕ್ಕೆ ನಮಗೆ ಬೇಸರವಿಲ್ಲ, ಬೇಟಾ,” ಎಂದರು. “ಅವರು ನಿಲ್ಲಿಸದಿದ್ದರೆ ಇನ್ನೆಷ್ಟು ಠಾಣೆ ಉರಿಯುತ್ತಿದ್ದವೋ. ಆದರೆ ತಪ್ಪು ಮಾಡಿದವರು ಹೋಗಿ ಸರ್ಕಾರಕ್ಕೆ ಶರಣಾಗಲಿ ಎಂದು ಬರೆದರಲ್ಲ. ಹಾಗೆ ಶರಣಾದರೆ ಆ ಸರ್ಕಾರ ಏನು ಮಾಡುತ್ತದೆಂದು ಅವರಿಗೆ ತಿಳಿದಿರಲಿಲ್ಲವೇ?”

“ತಾವೂ ಉಪವಾಸ ಮಾಡಿ ತಪ್ಪು ಹೊತ್ತುಕೊಂಡರಲ್ಲ, ಮಾಸ್ಟರ್ ಸಾಹಬ್?”

“ಹೊತ್ತುಕೊಂಡರು, ನಿಜ. ಉಪವಾಸ ಐದನೆಯ ದಿನಕ್ಕೆ ಮುಗಿಯಿತು.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 1923ರ ಜನವರಿಯಲ್ಲಿ ಸೆಷನ್ಸ್ ನ್ಯಾಯಾಲಯ 172 ಜನರಿಗೆ ಗಲ್ಲು ವಿಧಿಸಿತು. ಮದನ ಮೋಹನ ಮಾಲವೀಯರು ಅಲಹಾಬಾದ್ ಹೈಕೋರ್ಟಿನಲ್ಲಿ ವಾದಿಸಿದ ಮೇಲೂ 19 ಜನರ ಶಿಕ್ಷೆ ಕಾಯಂ ಆಗಿ, ಅದೇ ಜುಲೈನಲ್ಲಿ ಅವರನ್ನು ಗಲ್ಲಿಗೇರಿಸಿದರು. ಆ ಹೊತ್ತಿಗೆ ಆರು ವರ್ಷಗಳ ಶಿಕ್ಷೆ ಹೊತ್ತು ಗಾಂಧೀಜಿಯೂ ಜೈಲಿನಲ್ಲಿದ್ದರು. ಆದ್ದರಿಂದ ಕೈಚೆಲ್ಲಿ ಓಡಿದರೆಂದು ಅವರನ್ನು ಯಾರೂ ದೂರಲಾಗದು. ಚಳವಳಿಯನ್ನು ನಿಲ್ಲಿಸಿದ್ದು ಸರಿಯೆಂದು ಈಗ ನಾನು ಒಪ್ಪುತ್ತೇನೆ. ತಮ್ಮ ಹೆಸರು ಕೂಗುತ್ತಾ ಬಂದ ರೈತರಿಗೆ ಪಶ್ಚಾತ್ತಾಪದ ದಾರಿ ತೋರಿಸಿದಷ್ಟೇ ಗಟ್ಟಿಯಾಗಿ ‘ಇವರು ನಮ್ಮವರು’ ಎಂದು ಹೇಳದೇ ಹೋದದ್ದನ್ನು ಮಾತ್ರ ಒಪ್ಪಲಾರೆ.

ಹೊರಡುವ ಮುನ್ನ ಗಲ್ಲಿಗೇರಿದವರ ಹೆಸರುಗಳನ್ನು ನನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮಾಸ್ಟರ್ ಸಾಹಬ್ ಬಗ್ಗಿ ನೋಡಿ, ಒಂದು ಹೆಸರಿನ ಮೇಲೆ ಬೆರಳಿಟ್ಟು, ಅದನ್ನು ಇನ್ನೊಂದು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಡುವಂತೆ ಕೇಳಿದರು. ಅದು ಅವರ ಊರಿನವರ ಹೆಸರು. ಬರೆದುಕೊಟ್ಟ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, ನಿಲ್ದಾಣದವರೆಗೆ ನನ್ನ ಜೊತೆ ನಡೆದು ಬಂದರು.