ಪವಿತ್ರ ಗುರುವಾರದ ರಾತ್ರಿ: ಕಷ್ಟದಲ್ಲಿರುವವರ ಒಂದು ಗಂಟೆಯ ಜಾಗರಣೆ

ಯೇಸುಸ್ವಾಮಿ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ಕೊಟ್ಟದ್ದು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲೇ, ಅಂದರೆ ಈಸ್ಟರ್‌ಗೆ ಮುಂಚಿನ ಗುರುವಾರದ ರಾತ್ರಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಇದನ್ನು ಬಿಡದೆ ಹೇಳುತ್ತಾನೆ. ಊಟ ಮುಗಿದ ಮೇಲೆ ಅವರೆಲ್ಲ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರು ಎಂದು ಮತ್ತಾಯ ಬರೆದಿದ್ದಾನೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಾಸ್ಕದ ಊಟದಲ್ಲಿ ಬೈಬಲಿನ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವುದು ಯೆಹೂದ್ಯರ ವಾಡಿಕೆ. ಅದರಲ್ಲಿ 118 ಶುರುವಾಗುವುದೂ ಮುಗಿಯುವುದೂ ಒಂದೇ ಮಾತಿನಿಂದ: ದೇವರಿಗೆ ಕೃತಜ್ಞತೆ ಸಲ್ಲಿಸಿ, ಆತ ಒಳ್ಳೆಯವನು, ಆತನ ಪ್ರೀತಿ ಶಾಶ್ವತ. ಹೀಗೆ ಹಾಡಿ ಹೊರಟವನೇ ಗೆತ್ಸೇಮನೆ ತೋಟದಲ್ಲಿ ಬೋರಲು ಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ. ಪಾತ್ರೆ ಎಂದರೆ ಮುಂದೆ ಕಾದಿದ್ದ ಯಾತನೆ.

ಸ್ತುತಿ, ಸಂಕಟ ಎರಡೂ ಒಂದೇ ರಾತ್ರಿಯವು. ಇದನ್ನು ಮರೆತವರು ರೋಗವೋ ಸಾಲವೋ ಸಾವೋ ಬಂದಾಗ ಅಳುವುದೇ ಅವಿಶ್ವಾಸ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಎಲ್ಲ ಪರಿಸ್ಥಿತಿಯಲ್ಲೂ ಕೃತಜ್ಞರಾಗಿರಿ ಎಂದು ಪೌಲ ಥೆಸಲೋನಿಕದವರಿಗೆ ಬರೆದದ್ದು ನಿಜ. ಹಾಗೆಂದು ಕ್ಯಾನ್ಸರ್ ಬಂದದ್ದಕ್ಕೇ ಸ್ತೋತ್ರ ಹೇಳಬೇಕೆಂದಿಲ್ಲ. ಕ್ಯಾನ್ಸರ್ ಬಂದ ದಿನವೂ ದೇವರಿಗೆ ಸ್ತೋತ್ರ ಹೇಳಬಹುದು. ಕೆಡುಕನ್ನು ಕೆಡುಕೆಂದೇ ಕರೆಯಿರಿ.

ಪವಿತ್ರ ಗುರುವಾರ ಸಂಜೆಯ ಬಲಿಪೂಜೆ (ಮಾಸ್) ಮುಗಿದ ಮೇಲೆ ಕಥೋಲಿಕ ದೇವಾಲಯಗಳಲ್ಲಿ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯನ್ನು, ಮೆರವಣಿಗೆಯಲ್ಲಿ ಬೇರೊಂದು ಪೀಠಕ್ಕೆ ಒಯ್ಯುತ್ತಾರೆ. ಮುಖ್ಯ ಪೀಠದ ವಸ್ತ್ರಗಳನ್ನು ತೆಗೆದುಬಿಡುತ್ತಾರೆ. ಮಧ್ಯರಾತ್ರಿಯವರೆಗೆ ಆರಾಧನೆ ಇರುತ್ತದೆ. ಒಂದು ಗಂಟೆಯಾದರೂ ನನ್ನೊಂದಿಗೆ ಎಚ್ಚರವಾಗಿರಲಾರಿರಾ ಎಂದು ಯೇಸು ಶಿಷ್ಯರನ್ನು ಕೇಳಿದ್ದು ಈ ರಾತ್ರಿಯಲ್ಲೇ. ಆ ಗಂಟೆಯನ್ನು ಹೀಗೆ ಕಳೆಯಬಹುದು.

ಮೊದಲ ಹತ್ತು ನಿಮಿಷ ಪುಸ್ತಕ ತೆರೆಯಬೇಡಿ, ಸುಮ್ಮನೆ ಕೂತಿರಿ. ಜಪಪುಸ್ತಕದ ಪುಟಗಳನ್ನು ಒಂದರ ಹಿಂದೊಂದು ಓದಿ ಮುಗಿಸುವವರಿಗೆ ಗಂಟೆಯೇನೋ ಸರಿದುಹೋಗುತ್ತದೆ, ಎದೆಯ ಭಾರ ಮಾತ್ರ ಇದ್ದಲ್ಲೇ ಇರುತ್ತದೆ.

ಆಮೇಲೆ 13ನೇ ಕೀರ್ತನೆ. ಇರುವುದೇ ಆರು ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಪ್ರತಿ ಸಲ ನಿಂತು ನಿಮ್ಮ ಸಂಗತಿಯನ್ನು ಹೆಸರು ಹಿಡಿದು ಹೇಳಿ: ಈ ನೋವು ಎಷ್ಟು ದಿನ, ಈ ಕೋರ್ಟು ಅಲೆದಾಟ ಎಷ್ಟು ದಿನ. ಮೂರು ಮತ್ತು ನಾಲ್ಕನೆಯ ವಚನ ಬೇಡಿಕೆ. ಅಲ್ಲಿ ಒಂದೇ ಒಂದನ್ನು ಸ್ಪಷ್ಟವಾಗಿ ಕೇಳಿ. ಭರವಸೆಯ ಮಾತು ಬರುವುದು ಐದನೆಯದರಲ್ಲಿ. ನೇರವಾಗಿ ಐದಕ್ಕೆ ಹಾರುವವರೇ ಹೆಚ್ಚು, ಅದಕ್ಕೇ ಆ ಭರವಸೆ ಬಾಯಿಮಾತಾಗಿ ಉಳಿಯುತ್ತದೆ.

ಮುಂದೆ ಮತ್ತಾಯ 26, ವಚನ 36ರಿಂದ 46. ಇಲ್ಲಿ ಅವಸರ ಬೇಡ. 39ರ ಪ್ರಾರ್ಥನೆಯನ್ನೂ 42ರದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು, ಸಾಧ್ಯವಾದರೆ ಈ ಪಾತ್ರೆ ತೊಲಗಲಿ, ಆದರೂ ನಿನ್ನ ಚಿತ್ತ. ಎರಡನೆಯದು, ನಾನು ಕುಡಿಯದೆ ಇದು ತೊಲಗದಿದ್ದರೆ ನಿನ್ನ ಚಿತ್ತವೇ ಆಗಲಿ. ‘ಸಾಧ್ಯವಾದರೆ’ ಎಂಬುದು ಎರಡನೆಯದರಲ್ಲಿಲ್ಲ. ಮೂರನೆಯ ಸಲವೂ ಅದೇ ಮಾತು. ದೇವಪುತ್ರನೇ ಎದ್ದು ಹೋಗಿ, ಮತ್ತೆ ಬಂದು ಬಿದ್ದು ಬೇಡಬೇಕಾಯಿತು. ಹಾಗಿರುವಾಗ ನಮಗೆ ಒಂದೇ ಜಪಕ್ಕೆ ಶಾಂತಿ ಸಿಗಲಿಲ್ಲವೆಂದು ಗಾಬರಿಪಡುವುದೇಕೆ? ಪಾತ್ರೆ ತೊಲಗಲಿಲ್ಲ ಎಂಬುದನ್ನೂ ದಾಟಿ ಹೋಗಬೇಡಿ. ಆದರೆ ಆತ ಈ ಪ್ರಾರ್ಥನೆಯ ಕೊನೆಯವರೆಗೂ ‘ಅಪ್ಪಾ’ ಎಂದೇ ಕರೆದ. ವಿಶ್ವಾಸದ ಗಟ್ಟಿತನ ಆ ಒಂದು ಕರೆಯಲ್ಲಿದೆ.

ಕೊನೆಯ ಹದಿನೈದು ನಿಮಿಷ ಕೃತಜ್ಞತೆಗೆ. ‘ಎಲ್ಲದಕ್ಕೂ ವಂದನೆ’ ಎಂದು ಒಟ್ಟಾಗಿ ಹೇಳಿದರೆ ಮನಸ್ಸಿಗೆ ಯಾವುದೂ ತಾಕುವುದಿಲ್ಲ. ಕಳೆದ ಏಳು ದಿನಗಳಿಂದ ಮೂರನ್ನು ಆರಿಸಿಕೊಳ್ಳಿ: ಯಾರು ಬಂದರು, ಏನು ತಂದರು, ಯಾವ ರಾತ್ರಿ ನೋವು ಸ್ವಲ್ಪ ಕಡಿಮೆಯಿತ್ತು. ಇನ್ನೊಬ್ಬರ ದೊಡ್ಡ ಕಷ್ಟ ನೋಡಿ ‘ನಾನು ಹಾಗಿಲ್ಲವಲ್ಲ’ ಎಂದು ಸಮಾಧಾನಪಡುವುದು ಬೇಡ. ಲೂಕ 18ರಲ್ಲಿ ‘ನಾನು ಇತರರಂತಲ್ಲ’ ಎಂದು ದೇವರಿಗೆ ವಂದಿಸಿದ ಫರಿಸಾಯನ, ಅಂದರೆ ಕಟ್ಟುನಿಟ್ಟಿನ ಧರ್ಮಾಚಾರದ ಯೆಹೂದ್ಯನ, ಸ್ತೋತ್ರವೂ ಅದೇ ಜಾತಿಯದು. ಇದು ಗುಣವಾದರೆ ಅದು ಕೊಡುತ್ತೇನೆ ಎಂಬ ವ್ಯವಹಾರವೂ ಬೇಡ. ಮುಗಿಸುವಾಗ 118ನೇ ಕೀರ್ತನೆ ಓದಿ. 29 ವಚನಗಳಲ್ಲಿ ಐದನೆಯದು ಇಕ್ಕಟ್ಟಿನಿಂದ ಕೂಗಿದವನದು, ಹದಿಮೂರನೆಯದು ಬೀಳುವಂತೆ ತಳ್ಳಿಸಿಕೊಂಡವನದು. ನಿಮ್ಮ ಸ್ಥಿತಿಯೂ ಅಲ್ಲಿದೆ.

ಸ್ತೋತ್ರ ಬಾಯಿಗೆ ಬರಲೇ ಇಲ್ಲವೆಂದರೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಮೊದಲಿಂದ ಕೊನೆಯವರೆಗೆ ಮಾತಾಡುವುದು ದೇವರೊಂದಿಗೇ. ಆ ವರ್ಷದ ಜಾಗರಣೆಗೆ ಅಷ್ಟು ಸಾಕು.

ಹಾಸಿಗೆ ಹಿಡಿದವರು ಮನೆಯಲ್ಲೇ ಈ ಗಂಟೆಯನ್ನು ಕಾಲು ಗಂಟೆಯಂತೆ ನಾಲ್ಕು ಪಾಲು ಮಾಡಿಕೊಳ್ಳಬಹುದು. ಜೊತೆಗಿರುವವರು ವಚನಗಳನ್ನು ಗಟ್ಟಿಯಾಗಿ ಓದಲಿ. ‘ದೇವರಿಗೆ ಸ್ತೋತ್ರ ಹೇಳು’ ಎಂದು ರೋಗಿಗೆ ಬುದ್ಧಿ ಹೇಳುವುದು ಬೇಡ. ಆ ರಾತ್ರಿ ಯೇಸು ತನ್ನ ಮೂವರು ಶಿಷ್ಯರಿಂದ ಉಪದೇಶ ಕೇಳಲಿಲ್ಲ. ಇಲ್ಲೇ ಇದ್ದು ನನ್ನೊಂದಿಗೆ ಎಚ್ಚರವಾಗಿರಿ ಎಂದನಷ್ಟೆ.