ಊರು ಎತ್ತಿಡೋ ಆಟ: ಮೂರನೇ ಸಲ ಆಡಿದ್ಮೇಲೆ

ಮೂರನೇ ಸಲ ಆಡಿ ಆಯ್ತು. ಈ ಸಲ ಸಾಗರದ ಹತ್ರ ಚಿಕ್ಕಮ್ಮನ ಮನೆ ಜಗಲಿ ಮೇಲೆ, ಒಂಬತ್ತು ಜನ, ಮಧ್ಯಾಹ್ನ ಊಟ ಮುಗಿಸಿ ಕೂತೋರು ಏಳುವಾಗ ದೀಪ ಹಚ್ಚೋ ಹೊತ್ತಾಗಿತ್ತು. ಕಾರ್ಡುಗಳಲ್ಲಿ ಅರ್ಧ ಈಗ ಬದಲಾಯಿಸ್ಬೇಕು, ಅದಕ್ಕೇ ಮರೆಯೋ ಮುಂಚೆ ಬರೆದಿಡ್ತಿದೀನಿ.

ಹೊಸದಾಗಿ ಓದ್ತಿರೋರಿಗೆ ಆಟ ಎಂತದು ಅಂತ ಹೇಳ್ತೀನಿ. ನೀರ್‌ಕೊಪ್ಪ ಅಂತ ನಾನೇ ಹೆಸರಿಟ್ಟ ಊರು, ನಲವತ್ತು ಮನೆ, ಬುಡದಲ್ಲಿ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟ, ಅದರ ಮೇಲೆ ಕಾನು, ಅಂದ್ರೆ ದಟ್ಟ ಕಾಡು. ಗುಡ್ಡದಲ್ಲಿ ಬಿರುಕು ಬಿಟ್ಟಿದೆ. ಒಂದು ರೌಂಡು ಅಂದ್ರೆ ಒಂದು ಮಳೆಗಾಲ. ಮಳೆ ಕಾರ್ಡ್ ಎತ್ತಿದ್ರೆ ಬಿರುಕಿನ ಎರಡೂ ಕಡೆ ಹೊಡೆದಿರೋ ಗೂಟಗಳ ನಡುವೆ ಅಂತರ ಎಷ್ಟು ಜಾಸ್ತಿ ಆಯ್ತು ಅಂತ ಗೊತ್ತಾಗತ್ತೆ, ಆಮೇಲೆ ಎಲ್ಲರೂ ಕೂತು ಇರೋದಾ ಹೋಗೋದಾ, ಹೋದ್ರೆ ಎಲ್ಲಿಗೆ ಅಂತ ತೀರ್ಮಾನ ಮಾಡ್ಬೇಕು. ಪಾತ್ರದ ಕಾರ್ಡಿನ ಮುಂದಿನ ಬದಿ ಎಲ್ಲರಿಗೂ ಕಾಣತ್ತೆ, ಹಿಂದಿನ ಬದಿ ಅವರಿಗೊಬ್ಬರಿಗೇ. ನಿಜವಾದ ಬದುಕಲ್ಲಿ ಏನಾಗಿದೀರೋ ಆ ಪಾತ್ರ ಸಿಗಲ್ಲ, ಅದೇ ಮುಖ್ಯ ನಿಯಮ. ಈ ಪದ್ಧತಿ ನಂದಲ್ಲ, ಅಮೆರಿಕದ ಎಂಐಟಿಯ ಲಾರೆನ್ಸ್ ಸಸ್‌ಕಿಂಡ್ ಮತ್ತು ಅವರ ತಂಡದೋರು ನ್ಯೂ ಇಂಗ್ಲೆಂಡಿನ ವೆಲ್ಸ್, ಡೋವರ್, ಬಾರ್ನ್‌ಸ್ಟೇಬಲ್, ಕ್ರಾನ್‌ಸ್ಟನ್ ಅನ್ನೋ ನಾಲ್ಕು ಊರಲ್ಲಿ ಹವಾಮಾನ ಬದಲಾವಣೆಗೆ ಊರು ಹೆಂಗೆ ತಯಾರಾಗ್ಬೇಕು ಅಂತ ಊರೋರನ್ನೇ ಕೂರಿಸಿ ಹಿಂಗೆ ಆಡಿಸಿದ್ರು. ನಾನು ಅದನ್ನ ನಮ್ಮ ಗುಡ್ಡಕ್ಕೆ ತಂದ್ಕೊಂಡಿದೀನಿ, 2018ರ ಕೊಡಗು, 2024ರ ಜುಲೈನಲ್ಲಿ ಶಿರೂರು, ಅದಾಗಿ ಎರಡು ವಾರಕ್ಕೆ ವಯನಾಡು, ಇಷ್ಟು ನೋಡಿದ್ಮೇಲೆ ಸುಮ್ನಿರೋಕಾಗ್ಲಿಲ್ಲ.

ಮಳೆ ಕಾರ್ಡ್ ಸರಿಯಾಗಿದೆ ಈಗ. ಮೊದಲು ಬರೀ ಒಂದು ದಿನದ ಮಿಲಿಮೀಟರ್ ಬರೆದಿದ್ದೆ, ಅದು ತಪ್ಪು. ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ ಅನ್ನೋ ಮೆತ್ತನೆ ಜೇಡಿ ಮಣ್ಣು ಇರೋ ಗುಡ್ಡ ಮೊದಲ ದಿನದ ಮಳೆಗೆ ಜಾರಲ್ಲ, ವಾರಗಟ್ಟಲೆ ಹನಿ ಕಡಿಯದೆ ಹುಯ್ದು ಆ ಶೇಡಿ ನೀರು ಕುಡಿದು ಕುಡಿದು ಬೆಣ್ಣೆ ಹಂಗೆ ಆಗಿರುವಾಗ ಒಂದು ರಾತ್ರಿ ಜೋರು ಹೊಡೆದ್ರೆ ಮುಗೀತು. ಅದಕ್ಕೆ ಹಿಂದಿನ ಹತ್ತು ದಿನದ ಮಳೆ ಸೇರಿಸಿದೆ, ಜೊತೆಗೆ "ಅಬ್ಬಿ ನೀರು ಕೆಂಪಾಗಿ ಬರ್ತಿದೆ" ಅಂತ ಒಂದು ಕಾರ್ಡು, ಅಬ್ಬಿ ಅಂದ್ರೆ ಗುಡ್ಡದಿಂದ ಹರಿದು ಬರೋ ನೀರು. ಅದು ಬಂದ ಕೂಡಲೇ ಜಗಲಿ ಪೂರ್ತಿ ಗಪ್ ಆಯ್ತು, ಗುಡ್ಡದ ಒಳಗಿನ ಮಣ್ಣು ಕರಗಿ ಬರ್ತಿದೆ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ಎರಡನೇ ರೌಂಡಲ್ಲಿ ಒಬ್ರು, ಮಳೆಗಾಲದಲ್ಲಿ ಮಾತ್ರ ಕೆಳಗಿಳಿದು ಬಂದು ಮಳೆ ಬಿಟ್ಮೇಲೆ ವಾಪಸ್ ಹೋಗೋಣ ಅಂದ್ರು. ನನ್ನ ಕಾರ್ಡಲ್ಲಿ ಇಲ್ಲದ ದಾರಿ ಅದು, ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದ್ರು. ಆಗ ಟ್ರ್ಯಾಕ್ಟರ್ ಓಡಿಸೋ ಹುಡುಗ, ಅವನಿಗೆ ಐದೆಕರೆ ತೋಟದ ಯಜಮಾನರ ಪಾತ್ರ ಸಿಕ್ಕಿತ್ತು, "ಔಷಧಿ ಯಾರು ಹೊಡೀತಾರೆ?" ಅಂದ. ಸರಿಯಾದ ಪ್ರಶ್ನೆ. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ ಒಂದು ಕೇಜಿ ಸುಣ್ಣ ಅಂತ ಬೋರ್ಡೋ ದ್ರಾವಣ ಮಾಡಿ ಮಳೆ ಹಿಡಿಯೋ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೀಲಿಲ್ಲ ಅಂದ್ರೆ ಕೊಳೆರೋಗ ಬಂದು ಅಷ್ಟೂ ಕಾಯಿ ಉದುರತ್ತೆ, ಎರಡನೇ ಸಲ ಹೊಡೆಯೋ ಹೊತ್ತು ಅಂದ್ರೆ ಗುಡ್ಡ ಜಾರೋ ಹೊತ್ತೇ. ಊರು ಬಿಟ್ರೆ ಜೀವ ಉಳಿಯತ್ತೆ ಫಸಲು ಹೋಗತ್ತೆ. ಪೂರ್ತಿ ಬಿಟ್ಟು ಹೋದ್ರೂ ಹೊಸ ಅಡಿಕೆ ಸಸಿ ಕೈಗೆ ಬರೋಕೆ ಐದಾರು ವರ್ಷ, ಸೊಪ್ಪಿನ ಬೆಟ್ಟ ಅಂತೂ ಹಿಂದೆ ಬರಲ್ಲ. ಇದನ್ನ ಈಗ ಐದು ರೌಂಡು ಆದಾಯ ಇಲ್ಲ ಅಂತ ಲೆಕ್ಕಕ್ಕೆ ಸೇರಿಸಿದೀನಿ.

ಆದ್ರೆ ಇವತ್ತಿನ ದಿನ ನಿಜವಾಗಿ ತಿರುಗಿದ್ದು ಮೂರನೇ ರೌಂಡಲ್ಲಿ. ಚಿಕ್ಕಮ್ಮನ ಅತ್ತೆಗೆ ಎಪ್ಪತ್ತು ದಾಟಿದೆ, ಅವರಿಗೆ ಸಿಕ್ಕಿದ್ದು ಸ್ವಂತ ಜಮೀನಿಲ್ಲದ ಕೂಲಿ ಮನೆ ಪಾತ್ರ. ಎಲ್ಲರೂ ಹೊಸ ಜಾಗಕ್ಕೆ ಒಪ್ಪಿ ಆಗಿತ್ತು, ಮನೆ ರೆಡಿ, ರಸ್ತೆ ರೆಡಿ, ನೀರು ರೆಡಿ. ಅವರು ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ "ಮಗಾ, ಪಹಣಿ ಯಾರ ಹೆಸರಲ್ಲಿ ಬರತ್ತೆ? ಇದರಲ್ಲಿ ಬರ್ದಿಲ್ವಲ್ಲ" ಅಂದ್ರು. ಮನೆ ಮುಗಿದ್ಮೇಲೆ ಆಗತ್ತೆ ಅಮ್ಮ ಅಂದೆ. ಅವರು ಮಾತಾಡ್ಲಿಲ್ಲ, ಒಳಗೆ ಹೋಗಿ ಕಬ್ಬಿಣದ ಟ್ರಂಕಿಂದ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ಒಳಗೆ ಮಡಿಕೆ ಮಡಿಕೆಲಿ ಹರಿದು ಸೆಲ್ಲೋಟೇಪ್ ಹಚ್ಚಿದ ಕಾಗದ, ಟೇಪು ಹಳದಿಯಾಗಿ ಅದರ ಕೆಳಗಿನ ಅಕ್ಷರ ಮಾತ್ರ ಉಳಿದಿದೆ. ಅವರ ಅಪ್ಪನಿಗೆ ಮುಳುಗಡೆ ಟೈಮಲ್ಲಿ ಕೊಟ್ಟಿದ್ದು.

1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಎಬ್ಬಿಸಿದ ಸಾವಿರಾರು ಮನೆಯೋರಲ್ಲಿ ಎಷ್ಟೋ ಜನರಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ, ಕೂರಿಸಿದ ಜಾಗ ದಾಖಲೇಲಿ ಕಾಡು ಅಂತಲೇ ಉಳೀತು, 1980ರ ಅರಣ್ಯ ಸಂರಕ್ಷಣೆ ಕಾಯ್ದೆ ಬಂದ್ಮೇಲೆ ಕೇಂದ್ರದ ಒಪ್ಪಿಗೆ ಇಲ್ದೆ ಅದನ್ನ ಬಿಡಿಸೋ ಹಾಗೂ ಇಲ್ಲ. ತುಮರಿ ಕಡೆಯೋರು ಅದೇ ಡ್ಯಾಂನ ಹಿನ್ನೀರು ದಾಟೋಕೆ ಲಾಂಚ್ ಕಾದು ಕಾದು ಸೇತುವೆ ನೋಡಿದ್ದು 2025ರಲ್ಲಿ. ಇದೆಲ್ಲ ನನಗೆ ಗೊತ್ತಿತ್ತು, ಈ ತಾಲ್ಲೂಕಲ್ಲಿ ಗೊತ್ತಿಲ್ದೆ ಇರೋರು ಯಾರು, ಆದ್ರೂ ಆಟದಲ್ಲಿ ನಾನು ಪಹಣಿನ ಕೊನೇಲಿ ಇಟ್ಟಿದ್ದೆ. ಮೊದಲೆರಡು ಸಲ ಆಡಿದಾಗ ಜನ ಯಾಕೆ ಹೊರಡೋಕೆ ಒಪ್ಲಿಲ್ಲ ಅಂತ ನಾನು ಗುಡ್ಡದ ಮೇಲಿನ ಪ್ರೀತಿ, ತೋಟದ ಮೋಹ ಅಂತೆಲ್ಲ ಬರ್ಕೊಂಡಿದ್ದೆ. ಅದು ಇದ್ದಿರಬಹುದು, ಆದ್ರೆ ಅದಕ್ಕಿಂತ ಮೊದಲು ಇರೋದು ಈ ಪ್ಲಾಸ್ಟಿಕ್ ಕವರು.

ಹೊರಗಿನ ಉದಾಹರಣೆಗಳನ್ನೂ ಆಮೇಲೆ ಮಾತಾಡಿದ್ವಿ. ಫಿಜಿಯ ವುನಿಡೊಗೊಲೊವಾ ಊರು 2014ರಲ್ಲಿ ಸಮುದ್ರಕ್ಕೆ ಹೆದರಿ ಒಳಗಡೆ ಸುಮಾರು ಎರಡು ಕಿಲೋಮೀಟರ್ ಸರಿದಿದ್ದು, ಆ ಜಾಗವೂ ಆ ಊರೋರದ್ದೇ ಸಮುದಾಯದ ಭೂಮಿ. ಒಡಿಶಾದ ಸಾತಭಾಯಾದೋರು ಬಾಗಪಾಟಿಯಾಕ್ಕೆ ಹೋಗಿದ್ದು, ಪನಾಮಾದ ಗಾರ್ಡಿ ಸುಗ್ದುಬ್ ದ್ವೀಪದಿಂದ 2024ರಲ್ಲಿ ಸುಮಾರು ಮುನ್ನೂರು ಕುಟುಂಬ ದಡಕ್ಕೆ ಬಂದಿದ್ದು. ಎಲ್ಲ ಕೇಳಿಸ್ಕೊಂಡು ಫಿಜಿ ಒಂದನ್ನೇ ಮತ್ತೆ ಹೇಳಿ ಅಂದ್ರು, ಜಾಗ ಅವರದ್ದೇ ಆಗಿತ್ತು ಅನ್ನೋ ಕಾರಣಕ್ಕೆ.

ಇವತ್ತು ರಾತ್ರಿ ಪಹಣಿ ಕಾರ್ಡನ್ನ ಮೂರು ತುಂಡು ಮಾಡಿದೆ: ಅರಣ್ಯದ ಒಪ್ಪಿಗೆ, ಸರ್ವೆ, ಆಮೇಲೆ ಹೆಸರು. ಒಂದೊಂದಕ್ಕೆ ಒಂದೊಂದು ರೌಂಡಾದ್ರೂ ಹಿಡೀಬೇಕು, ಮೂರೂ ಕೈಗೆ ಬರೋವರೆಗೆ ಲಾರಿ ಕಾರ್ಡ್, ಅಂದ್ರೆ ಸಾಮಾನು ಹೇರಿ ಹೊರಡೋ ಕಾರ್ಡ್, ಎತ್ತೋ ಹಾಗಿಲ್ಲ. ಇದರಿಂದ ಆಟ ನಿಧಾನ ಆಗತ್ತೆ, ಬಿರುಕು ಮಾತ್ರ ಕಾಯಲ್ಲ, ಅಂದ್ರೆ ಗೂಟ ಸರಿಯೋ ಮುಂಚೆಯೇ ಕಾಗದದ ಕೆಲಸ ಶುರು ಮಾಡಿದ ಊರು ಮಾತ್ರ ಟೈಮಿಗೆ ಹೊರಡತ್ತೆ. ಜಮೀನಿಲ್ಲದ ಮನೆಗೂ ಹೊಸ ಊರಲ್ಲಿ ಅದೇ ಅಳತೆಯ ಸೈಟು, ಅದೇ ದಿನ, ಇದನ್ನ ಎಲ್ಲರೂ ಒಪ್ಪದಿದ್ರೆ ತೀರ್ಮಾನ ಪಾಸ್ ಆಗಲ್ಲ ಅಂತಲೂ ಸೇರಿಸಿದೆ. ಕೂಲಿ ಕಾರ್ಡಿನ ಹಿಂದೆ ನಾನು ಬರೆದಿದ್ದು ಒಂದೇ ಸಾಲು, "ಕೂಲಿ ಹತ್ತಿರದಲ್ಲೇ ಸಿಗಬೇಕು" ಅಂತ, ಅದನ್ನ ಅಜ್ಜಿ ಜೊತೆ ಕೂತು ಹೊಸದಾಗಿ ಬರೀಬೇಕು.

ಮುಂದಿನ ಸಲ ಹೊಸನಗರದಲ್ಲಿ, ಮುಂಗಾರು ಹಿಡಿಯೋ ಮುಂಚೆ. ಸರ್ವೆ ಕೆಲಸ ಮಾಡಿ ರಿಟೈರ್ ಆದೋರು ಯಾರಾದ್ರೂ ಒಂದು ಮಧ್ಯಾಹ್ನ ಕೊಟ್ರೆ ಸರ್ವೆ ಕಾರ್ಡ್ ಸರಿಯಾಗತ್ತೆ. ತಹಶೀಲ್ದಾರ್ ಪಾತ್ರ ಆಗ್ಲೇ ಬುಕ್ ಆಗಿದೆ, ಹೊರಡುವಾಗ ಅಜ್ಜಿ ಆ ಕಾರ್ಡ್ ಇಸ್ಕೊಂಡು ಕವರಿನೊಳಗೆ ಹಾಕಿ ಟ್ರಂಕಲ್ಲಿ ಇಟ್ಕೊಂಡಿದಾರೆ.